ಏರಿಗಿಂತ ಕೋಡಿಯೇ ಕಷ್ಟ

ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಯ ಕೈಗೆ ಪೆನ್ಸಿಲ್ ಕೊಟ್ಟು ಒಂದು ಅಣೆಕಟ್ಟು ಬಿಡಿಸು ಎಂದರೆ ಅವನು ಮೊದಲು ಬಿಡಿಸುವುದು ಗೋಡೆಯನ್ನು. ದಪ್ಪ ಬುಡ, ಸಣ್ಣ ತಲೆ, ಒಂದು ಬದಿಗೆ ನೀಲಿ ಬಣ್ಣ. ಇನ್ನೊಂದು ಬದಿ ಖಾಲಿ. ಈ ವಿಷಯದ ಮುಕ್ಕಾಲು ಪಾಲು ಆ ಖಾಲಿ ಬದಿಯಲ್ಲೇ ಇದೆ ಎಂಬುದು ಅವನಿಗೆ ತಿಳಿಯಲು ಒಂದೆರಡು ವರ್ಷ ಹಿಡಿಯುತ್ತದೆ. ಕನ್ನಡದ ಕೆರೆಮಾತುಗಳಿಗೆ ಇದು ಮೊದಲೇ ಗೊತ್ತಿತ್ತು ಎನಿಸುತ್ತದೆ. ಏರಿ, ತೂಬು, ಕೋಡಿ ಎಂಬ ಮೂರರಲ್ಲಿ ನೀರನ್ನು ಹಿಡಿಯುವುದು ಏರಿಯೊಂದೇ. ಉಳಿದೆರಡೂ ಬಿಡುವುದಕ್ಕೆ ಇರುವವು: ತೂಬು ಬೇಕಾದಾಗ, ಕೋಡಿ ತುಂಬಿ ಹೆಚ್ಚಾದಾಗ.

ಹಿಡಿಯುವ ಲೆಕ್ಕ ನಿಜಕ್ಕೂ ಸರಳ. ನಿಂತ ನೀರಿನ ಒತ್ತಡ ಆಳವನ್ನು ಮಾತ್ರ ನೋಡುತ್ತದೆ. 10 ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 10 ಟನ್ ತೂಕದಷ್ಟು ಒತ್ತಡ. 10 ಮೀಟರ್ ಎತ್ತರದ ಗೋಡೆಯ ಒಂದು ಮೀಟರ್ ಉದ್ದಕ್ಕೆ ಒಟ್ಟು 50 ಟನ್ ನೂಕು. ಹಿಂದೆ ನಿಂತ ನೀರು ನೂರು ಮೀಟರ್ ಚಾಚಿದ್ದರೂ ನೂರು ಕಿಲೋಮೀಟರ್ ಚಾಚಿದ್ದರೂ ಈ ಅಂಕಿ ಅಷ್ಟೇ. ಮೊದಲ ಸಲ ಕೇಳಿದವರು ಇದನ್ನು ಸುಲಭಕ್ಕೆ ನಂಬುವುದಿಲ್ಲ. ಆದರೆ ಎತ್ತರ ಇಮ್ಮಡಿಯಾದರೆ ನೂಕು ನಾಲ್ಕು ಪಟ್ಟು, ಗೋಡೆಯನ್ನು ಮಗುಚುವ ಭ್ರಾಮಕ (ತಿರುಗಿಸುವ ಪರಿಣಾಮ) ಎಂಟು ಪಟ್ಟು. ಇಷ್ಟು ತಿಳಿದರೆ ಒಂದು ತ್ರಿಕೋನದ ಗೋಡೆಯನ್ನು ಕಾಗದದ ಮೇಲೆ ನಿಲ್ಲಿಸಬಹುದು.

ಕಾಗದದ ಮೇಲೆ ಮಾತ್ರ. ಏಕೆಂದರೆ ನೀರು ಗೋಡೆಯ ಮುಂದಷ್ಟೇ ನಿಲ್ಲದೆ ಸಂದಿಗೊಂದಿಗಳಿಗೆ ಇಳಿದು ಕೆಳಗಿನಿಂದ ಮೇಲಕ್ಕೂ ಒತ್ತುತ್ತದೆ. ಕಾಂಕ್ರೀಟ್ ನೀರಿಗಿಂತ 2.4 ಪಟ್ಟು ಭಾರ. ಬುಡದಲ್ಲಿ ಈ ಮೇಲೊತ್ತಡ ಪೂರ್ತಿ ಹುಟ್ಟಿಕೊಂಡರೆ ಆ 2.4ರಲ್ಲಿ ಕೆಲಸಕ್ಕೆ ಸಿಗುವುದು 1.4 ಮಾತ್ರ. ಫ್ರಾನ್ಸಿನ ಬೂಜೇ ಅಣೆಕಟ್ಟಿನ ವಿನ್ಯಾಸದಲ್ಲಿ ಈ ಲೆಕ್ಕ ಇರಲಿಲ್ಲ. 1895ರ ಏಪ್ರಿಲ್‌ನಲ್ಲಿ ಅದು ಒಡೆದು 80ಕ್ಕೂ ಹೆಚ್ಚು ಜನ ಸತ್ತ ಮೇಲೆ ಮೇಲೊತ್ತಡ ವಿನ್ಯಾಸಕಾರರ ಲೆಕ್ಕದೊಳಗೆ ಬಂತು. ಪರಿಹಾರ ಏನೆಂದು ಊಹಿಸಿ: ಗೋಡೆಯ ಹೊಟ್ಟೆಯೊಳಗೆ ಸುರಂಗ ಕೊರೆದು, ಬುಡದ ಬಂಡೆಗೆ ರಂಧ್ರ ಹಾಕಿ, ನುಗ್ಗಿದ ನೀರಿಗೆ ಹೊರಹೋಗುವ ದಾರಿ ಕೊಡುವುದು. ನೀರು ತಡೆಯುವ ಗೋಡೆಯೊಳಗೇ ಚರಂಡಿ!

ಬಂಡೆಯ ಮೇಲೆ ಕಟ್ಟುವವರ ಕಥೆ ಇದಾದರೆ, ಮರಳಿನ ಮೇಲೆ ಕಟ್ಟುವವರ ಪಾಡು ಬೇರೆ. ಗಂಗಾ ನದಿಗೆ ಅಡ್ಡಲಾಗಿ ನರೋರಾದಲ್ಲಿ ಕಟ್ಟಿದ್ದ ಅಡ್ಡಗಟ್ಟೆ 1898ರಲ್ಲಿ ಒಡೆಯಿತು. ಅದನ್ನು ಕೆಡವಿದ್ದು ಅಡಿಯ ಮರಳಿನಲ್ಲಿ ಜಿನುಗುತ್ತಿದ್ದ ನೀರು. ಅದರ ಒತ್ತಡಕ್ಕೆ ಕೆಳಬದಿಯ ನೆಲಹಾಸು ಎದ್ದು ಬಿರಿಯಿತು. ಬ್ಲೈ ಎಂಬ ಎಂಜಿನಿಯರ್ 1910ರ ಹೊತ್ತಿಗೆ ಇದಕ್ಕೊಂದು ಸುಲಭ ಸೂತ್ರ ಕೊಟ್ಟ. ಜಿನುಗುವ ನೀರು ಕಟ್ಟಡದ ಅಡಿಯನ್ನೇ ಸವರಿಕೊಂಡು ತೆವಳುತ್ತದೆ. ದಾರಿ ಉದ್ದವಾದಷ್ಟೂ ಅದರ ಕಸುವು ಸಮನಾಗಿ ಇಳಿಯುತ್ತದೆ ಎಂಬುದು ಅವನ ಮಾತು. ನಯವಾದ ಮರಳಿಗೆ ನೀರಿನ ಮಟ್ಟದ ವ್ಯತ್ಯಾಸದ 15 ಪಟ್ಟು ದಾರಿ ಇರಲಿ ಎಂದ. ವ್ಯತ್ಯಾಸ 4 ಮೀಟರ್ ಇದ್ದರೆ ದಾರಿ 60 ಮೀಟರ್. ಅಡ್ಡ ನೆಲಹಾಸಿನ ಒಂದು ಮೀಟರಿಗೂ ಆಳಕ್ಕೆ ಇಳಿಸಿದ ಗೋಡೆಯ ಒಂದು ಮೀಟರಿಗೂ ಅವನಲ್ಲಿ ಒಂದೇ ಬೆಲೆ.

ಸೂತ್ರ ಸುಲಭವಾಗಿದ್ದರಿಂದ ಎಲ್ಲರೂ ಬಳಸಿದರು. 1926-27ರಲ್ಲಿ ಪಂಜಾಬಿನ ಮೇಲ್ ಚೆನಾಬ್ ಕಾಲುವೆಯ ಸೈಫನ್‌ಗಳು (ಕಾಲುವೆಗೆ ಹಳ್ಳ ಅಡ್ಡ ಬಂದಲ್ಲಿ ಒಂದರ ಅಡಿಯಿಂದ ಇನ್ನೊಂದನ್ನು ದಾಟಿಸುವ ಕಟ್ಟಡಗಳು), ಈ ಸೂತ್ರದಂತೆಯೇ ಕಟ್ಟಿದ್ದರೂ, ಅಡಿ ಸವೆದು ತೊಂದರೆ ಕೊಡತೊಡಗಿದವು. ಎ.ಎನ್. ಖೋಸ್ಲಾ ಎಂಬ ಎಂಜಿನಿಯರ್ ಮತ್ತು ಸಂಗಡಿಗರು ಆ ಕಟ್ಟಡಗಳ ಅಡಿಗೆ ಕೊಳವೆ ಇಳಿಸಿ ಒತ್ತಡವನ್ನು ಅಳೆದೇ ನೋಡಿದರು. ಅಳತೆ ಬ್ಲೈ ಹೇಳಿದಂತೆ ಇರಲಿಲ್ಲ. ನೀರು ಕಟ್ಟಡದ ಅಡಿಯನ್ನಷ್ಟೇ ಸವರದೆ ಮರಳಿನೊಳಗೆ ಬಾಗಿದ ನೂರು ದಾರಿಗಳಲ್ಲಿ ಹರಿಯುತ್ತಿತ್ತು. 1936ರಲ್ಲಿ ಅವರು ಪ್ರಕಟಿಸಿದ ಸಿದ್ಧಾಂತ ಕೇಳುವ ಪ್ರಶ್ನೆಯೇ ಬೇರೆ: ನೀರು ಎಷ್ಟು ದೂರ ನಡೆಯಿತು ಎಂಬುದು ಇರಲಿ, ಹೊರಬರುವ ಕೊನೆಯ ಹೆಜ್ಜೆಯಲ್ಲಿ ಅದರ ಕೈಯಲ್ಲಿ ಎಷ್ಟು ಬಲ ಉಳಿದಿದೆ?

ನನ್ನ ಮಟ್ಟಿಗೆ ಇಡೀ ಪಠ್ಯಕ್ರಮದಲ್ಲಿ ಇದಕ್ಕಿಂತ ಚೆಂದದ ಜಾಗ ಇನ್ನೊಂದಿಲ್ಲ. ನೀರಿನಲ್ಲಿ ಮುಳುಗಿದ ಮರಳಿನ ತೂಕ ಹೆಚ್ಚುಕಡಿಮೆ ಅಷ್ಟೇ ಗಾತ್ರದ ನೀರಿನ ತೂಕದಷ್ಟು. ಆದ್ದರಿಂದ ಹೊರಬರುವಲ್ಲಿ ಒಂದು ಮೀಟರ್ ದಾರಿಗೆ ಒಂದು ಮೀಟರ್ ನೀರಿನೆತ್ತರದಷ್ಟು ಒತ್ತಡ ಕಳೆಯುವಷ್ಟು ಇಳಿಜಾರಿದ್ದರೆ ಮರಳಿನ ಕಣಗಳು ತೇಲಲು ಸಿದ್ಧ. ಮೇಲಿನ ಕಣ ಎದ್ದು ಹೋಯಿತು, ಅದರ ಕೆಳಗಿನದು ಬಯಲಾಯಿತು, ಈಗ ದಾರಿ ಇನ್ನೂ ಮೊಟಕು, ಬಲ ಇನ್ನೂ ಜಾಸ್ತಿ. ಇಲಿ ಬಿಲ ತೋಡಿದಂತೆ ಸವಕಳಿ ಹಿಂದಕ್ಕೆ, ಜಲಾಶಯದ ಕಡೆಗೆ ಸಾಗುತ್ತದೆ. ಇದಕ್ಕೆ 'ಪೈಪಿಂಗ್' ಎಂದು ಹೆಸರು. ನಯ ಮರಳಿನಲ್ಲಿ ಈ ಇಳಿಜಾರು ಆರನೇ ಒಂದರಿಂದ ಏಳನೇ ಒಂದು ಪಾಲನ್ನು ಮೀರಬಾರದೆಂಬುದು ರೂಢಿಯ ನಿಯಮ. ಖೋಸ್ಲಾ ಸೂತ್ರದಲ್ಲಿ ಕೆಳತುದಿಯಲ್ಲಿ ನೆಲಕ್ಕಿಳಿಸಿದ ತಗಡುಗೋಡೆಯ, ಅಂದರೆ ಶೀಟ್ ಪೈಲ್‌ನ ಆಳವನ್ನು ಸೊನ್ನೆ ಎಂದಿಟ್ಟು ನೋಡಿ: ಇಳಿಜಾರು ಅನಂತವಾಗುತ್ತದೆ. ಅಂದರೆ ನೆಲಹಾಸನ್ನು ಎಷ್ಟೇ ಉದ್ದ ಹಾಕಿ, ಕೊನೆಯಲ್ಲಿ ಒಂದು ಆಳದ ಗೋಡೆ ಇಳಿಸದಿದ್ದರೆ ಆ ಉದ್ದಕ್ಕೆ ಬೆಲೆಯಿಲ್ಲ.

ಮಣ್ಣಿನ ಏರಿಯಲ್ಲಿ ಪೈಪಿಂಗ್ ಶುರುವಾದರೆ ಸಮಯ ಗಂಟೆಗಳಲ್ಲಿ ಇರುತ್ತದೆ. ಅಮೆರಿಕದ ಐಡಾಹೋದಲ್ಲಿ 93 ಮೀಟರ್ ಎತ್ತರದ ಟೀಟನ್ ಅಣೆಕಟ್ಟು ಮೊದಲ ಬಾರಿಗೆ ತುಂಬುತ್ತಿದ್ದಾಗಲೇ, 1976ರ ಜೂನ್ 5ರಂದು, ಬೆಳಿಗ್ಗೆ ಕೆಸರು ನೀರು ಕಾಣಿಸಿಕೊಂಡು ನಡುಹಗಲಿನ ಹೊತ್ತಿಗೆ ಕುಸಿಯಿತು. ತೂತು ಮುಚ್ಚಲು ಹೋದ ಬುಲ್‌ಡೋಜರ್‌ಗಳನ್ನೂ ಅದು ನುಂಗಿತು. ಸೋರಿಕೆಗೆ ಎಂಜಿನಿಯರ್ ಹೆದರುವುದಿಲ್ಲ. ಎಲ್ಲ ಏರಿಗಳೂ ಸೋರುತ್ತವೆ. ಅವನು ಹೆದರುವುದು ಸೋರಿದ ನೀರಿನ ಬಣ್ಣಕ್ಕೆ. ತಿಳಿಯಾಗಿದ್ದರೆ ನೀರು ಮಾತ್ರ ಬರುತ್ತಿದೆ, ಕದಡಿದ್ದರೆ ಏರಿಯೇ ಬರುತ್ತಿದೆ.

ಇನ್ನು ಕೋಡಿ. ಎಷ್ಟು ಅಗಲ ಬೇಕು ಎನ್ನುವುದು ಎಂಥ ಪ್ರವಾಹ ಬರಬಹುದು ಎಂಬ ಊಹೆಯ ಮೇಲೆ ನಿಂತಿದೆ. 'ನೂರು ವರ್ಷದ ಪ್ರವಾಹ' ಎಂಬ ಮಾತು ಇಲ್ಲಿ ಹೊಸಬರನ್ನು ದಾರಿ ತಪ್ಪಿಸುತ್ತದೆ. ಅದು ನೂರು ವರ್ಷಕ್ಕೊಮ್ಮೆ ಹೇಳಿ ಬರುವ ನೆಂಟನಲ್ಲ. ಪ್ರತಿ ವರ್ಷವೂ ಶೇ. 1 ಸಾಧ್ಯತೆ ಇರುವ ಪ್ರವಾಹ. 50 ವರ್ಷ ಬಾಳುವ ಕಟ್ಟಡ ಅದನ್ನು ಒಮ್ಮೆಯಾದರೂ ಎದುರಿಸುವ ಸಾಧ್ಯತೆ ಶೇ. 39ರಷ್ಟು, 100 ವರ್ಷ ಬಾಳಿದರೆ ಶೇ. 63. ಕೋಡಿ ಸಾಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಮಚ್ಚು-2 ಅಣೆಕಟ್ಟು ಸಾಕ್ಷಿ. 1979ರ ಆಗಸ್ಟ್ 11ರಂದು ನೀರು ಅದರ ತಲೆಯ ಮೇಲೆ ಹರಿದು ಎರಡೂ ಬದಿಯ ಮಣ್ಣಿನ ಏರಿಗಳು ಕೊಚ್ಚಿಹೋದವು. ನಡುವಿನ ಕಲ್ಲುಕಟ್ಟಿನ ಕೋಡಿ ಮಾತ್ರ ನಿಂತೇ ಇತ್ತು.

ತೆರೆದ ಕೋಡಿಗೆ ಒಂದು ಔದಾರ್ಯವಿದೆ. ಅದರ ಮೇಲಿನ ನೀರಿನ ಎತ್ತರ ಇಮ್ಮಡಿಯಾದರೆ ಹರಿವು ಸುಮಾರು 2.8 ಪಟ್ಟಾಗುತ್ತದೆ. ಆಳದ ತೂಬಿನಲ್ಲಾದರೆ ಅದೇ ಇಮ್ಮಡಿಗೆ 1.4 ಪಟ್ಟು ಮಾತ್ರ. ಲೆಕ್ಕ ತಪ್ಪಿದ ದಿನ ಯಾವುದು ಕೈಹಿಡಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ತೆರೆದ ಕೋಡಿ ಸಂಗ್ರಹವನ್ನು ಕಡಿಮೆ ಮಾಡುತ್ತದೆ. ಈ ಇಕ್ಕಟ್ಟನ್ನು ಬಿಡಿಸಲೆಂದೇ ವಿಶ್ವೇಶ್ವರಯ್ಯನವರು ಮಟ್ಟ ಮೀರಿದಾಗ ತಾನಾಗಿ ತೆರೆದು, ಇಳಿದಾಗ ತಾನಾಗಿ ಮುಚ್ಚುವ ಬಾಗಿಲುಗಳನ್ನು ರೂಪಿಸಿ 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದರು.

ಕೋಡಿ ದಾಟಿದ ನೀರಿನ ಕೈಯಲ್ಲಿ ಬಿದ್ದ ಎತ್ತರದ ಶಕ್ತಿಯೆಲ್ಲ ಇರುತ್ತದೆ. ಸೆಕೆಂಡಿಗೆ 100 ಘನಮೀಟರ್ ನೀರು 50 ಮೀಟರ್ ಬಿದ್ದರೆ ಸುಮಾರು 49 ಮೆಗಾವ್ಯಾಟ್. ಘರ್ಷಣೆಯನ್ನು ಬದಿಗಿಟ್ಟರೆ ವೇಗ ಗಂಟೆಗೆ 110 ಕಿಲೋಮೀಟರ್ ದಾಟುತ್ತದೆ. ಇದನ್ನು ಹಾಗೆಯೇ ನದಿಗೆ ಬಿಟ್ಟರೆ ಅಣೆಕಟ್ಟಿನ ಬುಡವನ್ನೇ ಅಗೆಯುತ್ತದೆ. ಅದನ್ನು ತಣಿಸಲು ಬಳಸುವುದು ಹೈಡ್ರಾಲಿಕ್ ಜಂಪ್: ತೆಳ್ಳಗೆ ಓಡುವ ನೀರು ನಿಧಾನದ ನೀರಿಗೆ ಡಿಕ್ಕಿ ಹೊಡೆದು, ನೊರೆಗಟ್ಟಿ, ಒಮ್ಮೆಲೇ ಎದ್ದು ನಿಲ್ಲುವ ಜಾಗ. ನಲ್ಲಿಯ ಧಾರೆ ಸಿಂಕಿಗೆ ಬಿದ್ದಲ್ಲಿ ಕಾಣುವ ತೆಳುವಾದ ವೃತ್ತದ ಅಂಚು ನೋಡಲು ಹೀಗೆಯೇ ಇರುತ್ತದೆ. (ಅಷ್ಟು ಸಣ್ಣ ಗಾತ್ರದಲ್ಲಿ ಮೇಲ್ಮೈ ಎಳೆತದ ಕೈವಾಡವೂ ಇದೆ, ಆದ್ದರಿಂದ ಹೋಲಿಕೆಯನ್ನು ದೂರ ಎಳೆಯಬೇಡಿ.)

ಒಂದು ಉದಾಹರಣೆ. ಅರ್ಧ ಮೀಟರ್ ದಪ್ಪದ ನೀರು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬರುತ್ತಿದೆ. ಅದರ ಫ್ರೂಡ್ ಸಂಖ್ಯೆ (ನೀರಿನ ವೇಗ ಅದರ ಮೇಲ್ಮೈಯ ಅಲೆಯ ವೇಗದ ಎಷ್ಟು ಪಟ್ಟು ಎಂಬುದು) 9. ಅದು ಜಂಪ್ ಆಗಿ ನಿಲ್ಲಬೇಕಾದರೆ ಎದುರಿಗೆ ಸುಮಾರು 6.1 ಮೀಟರ್ ಆಳದ ನೀರು ಇರಬೇಕು. ಇದ್ದರೆ ಶಕ್ತಿಯ ಶೇ. 70ರಷ್ಟು ನೊರೆ, ಸುಳಿ, ಸದ್ದಿನಲ್ಲೇ ಕರಗುತ್ತದೆ. ವಿದ್ಯಾರ್ಥಿ 6.1 ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಆದರೆ ಎದುರಿನ ಆಳವನ್ನು ತೀರ್ಮಾನಿಸುವವನು ಅವನಲ್ಲ, ಕೆಳಗಿನ ನದಿ. ಅಲ್ಲಿ 4 ಮೀಟರ್ ಮಾತ್ರ ಇದ್ದರೆ ಜಂಪ್ ತನಗೆಂದೇ ಕೋಡಿಯ ಬುಡದಲ್ಲಿ ಕಟ್ಟಿದ ಕಾಂಕ್ರೀಟ್ ಕೊಳವನ್ನು ದಾಟಿ ನದಿಯ ಪಾತ್ರದಲ್ಲಿ ಹೋಗಿ ನಿಲ್ಲುತ್ತದೆ. 9 ಮೀಟರ್ ಇದ್ದರೆ ಜಂಪ್ ಮುಳುಗಿ, ಓಟದ ನೀರು ತಳದಲ್ಲೇ ಈಜಿಕೊಂಡು ದೂರ ಸಾಗುತ್ತದೆ. ಅದೂ ಒಂದೇ ಹರಿವಿಗಲ್ಲ, ಸಣ್ಣದರಿಂದ ಅತಿ ದೊಡ್ಡದರವರೆಗೆ ಪ್ರತಿ ಹರಿವಿಗೂ ಈ ಎರಡು ಆಳಗಳು ಹೊಂದಬೇಕು. ಎರಡೂ ವಕ್ರರೇಖೆಗಳನ್ನು ಒಂದರ ಮೇಲೊಂದು ಬರೆದು ನೋಡಿದಾಗ ಅವು ಪೂರ್ತಿ ಕೂಡುವುದು ಬಹಳ ಅಪರೂಪ. ಕೊಳವನ್ನು ಎಷ್ಟು ಆಳಕ್ಕೆ ಇಳಿಸಬೇಕು, ಓಟದ ನೀರಿಗೆ ಅಡ್ಡ ನಿಲ್ಲುವ ಕಾಂಕ್ರೀಟ್ ಹಲ್ಲುಗಳನ್ನು ಎಲ್ಲಿ ಇಡಬೇಕು, ಜಂಪ್ ಬಿಟ್ಟು ನೀರನ್ನು ದೂರಕ್ಕೆ ಚಿಮ್ಮಿಸಿಬಿಡೋಣವೇ ಎಂಬ ಚರ್ಚೆಯೆಲ್ಲ ಆ ಅಂತರದಿಂದ ಹುಟ್ಟುತ್ತದೆ.

ಮೇಲೊತ್ತಡ, ಜಿನುಗು, ವೇಗ ಎಂಬ ಪಾಠಗಳನ್ನು ಬೇರೆ ಬೇರೆ ತಿಂಗಳಲ್ಲಿ ಕಲಿಸುತ್ತಾರೆ; ನೀರು ಮಾತ್ರ ಅವನ್ನು ಒಟ್ಟಿಗೆ ಬಳಸುತ್ತದೆ. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ 2017ರ ಫೆಬ್ರುವರಿಯಲ್ಲಿ ಅಣೆಕಟ್ಟಿನ ಕೋಡಿಯ ಇಳಿಜಾರು ಹಾಸಿನ ಬಿರುಕು, ಸಂದುಗಳಿಂದ ಓಟದ ನೀರು ಅಡಿಗೆ ನುಗ್ಗಿ ಚಪ್ಪಡಿಯನ್ನು ಎತ್ತಿತು. ಅಲ್ಲಿಂದ ದೊಡ್ಡ ಗುಂಡಿ. ಹರಿವು ತಗ್ಗಿಸಿದ್ದರಿಂದ ಜಲಾಶಯದ ಮಟ್ಟ ಏರಿ, 1968ರಿಂದ ಒಮ್ಮೆಯೂ ಬಳಸದಿದ್ದ ತುರ್ತು ಕೋಡಿಯ ಮೇಲೆ ನೀರು ಹರಿಯಿತು. ಅದರ ಕೆಳಗೆ ಇದ್ದದ್ದು ಬರಿಯ ಗುಡ್ಡದ ಮಣ್ಣು. ಸವಕಳಿ ಕೋಡಿಯ ಬುಡದ ಕಡೆಗೇ ಏರತೊಡಗಿದಾಗ 1,80,000ಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಬೇಕಾಯಿತು. 235 ಮೀಟರ್ ಎತ್ತರದ ಅಣೆಕಟ್ಟಿಗೆ ಏನೂ ಆಗಿರಲಿಲ್ಲ.

ಹಾಗಾಗಿಯೇ ದೊಡ್ಡ ಕೋಡಿಗಳನ್ನು ಇಂದಿಗೂ ಪ್ರಯೋಗಾಲಯದಲ್ಲಿ ಚಿಕ್ಕದಾಗಿ ಕಟ್ಟಿ ನೋಡುತ್ತಾರೆ. 50ರಲ್ಲಿ ಒಂದು ಅಳತೆಯ ಮಾದರಿಯಲ್ಲಿ ನದಿಯ ಏಳು ಗಂಟೆ ಒಂದೇ ಗಂಟೆಯಲ್ಲಿ ಕಳೆಯುತ್ತದೆ, ಸೆಕೆಂಡಿಗೆ 10,000 ಘನಮೀಟರಿನ ಪ್ರವಾಹ 570 ಲೀಟರಿಗೆ ಇಳಿಯುತ್ತದೆ. ನೊರೆಯೊಳಗಿನ ಗಾಳಿಗುಳ್ಳೆಗಳು ಮಾತ್ರ ಅದೇ ಅಳತೆಯಲ್ಲಿ ಚಿಕ್ಕವಾಗುವುದಿಲ್ಲ, ಮರಳಿನ ಕಣವನ್ನೂ 50 ಪಟ್ಟು ಕಿರಿದಾಗಿಸಲು ಹೋದರೆ ಅದು ಜೇಡಿಯಾಗಿ ಅಂಟಿಕೊಳ್ಳುತ್ತದೆ. ಹೀಗಿದ್ದರೂ ಮಾದರಿಯ ಕೊಳದ ಕೆಳಗೆ ಮರಳು ಹರಡಿ, ಸಮ ಮಾಡಿ, ಪಂಪ್ ಹಾಕುತ್ತಾರೆ. ಗಂಟೆಗಳ ನಂತರ ನೀರು ನಿಲ್ಲಿಸಿ ಬಸಿಯಲು ಬಿಟ್ಟಾಗ ವಿದ್ಯಾರ್ಥಿ ನೇರವಾಗಿ ಹೋಗುವುದು ಗೋಡೆಯ ಕಡೆಗಲ್ಲ. ಅಳತೆಗೋಲು ಹಿಡಿದು ನೆಲಹಾಸು ಮುಗಿಯುವಲ್ಲಿ ಕೂತು, ಮರಳಿನಲ್ಲಿ ಬಿದ್ದ ಗುಂಡಿ ಎಷ್ಟು ಆಳ, ತುದಿಯಿಂದ ಎಷ್ಟು ದೂರ ಎಂದು ನೋಡುತ್ತಾನೆ.