ಎಂಡೋಸಲ್ಫಾನ್ ಮತ್ತು ಮುರಿದ ಡಿಎನ್‌ಎ: ಪಡ್ರೆಯ ಪ್ರಶ್ನೆಗೆ ತಡವಾಗಿ ಬಂದ ಉತ್ತರ

ಕಾಸರಗೋಡಿನ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರು ಎದುರಿಸಿದಷ್ಟು ಸಲ ಒಂದೇ ಪ್ರಶ್ನೆಯನ್ನು ಬೇರೆ ಯಾರೂ ಎದುರಿಸಿರಲಿಕ್ಕಿಲ್ಲ. ನಿಮ್ಮ ಮಗುವಿಗೆ ಹೀಗಾದದ್ದು ಗೇರು ತೋಟಕ್ಕೆ ಬಿಟ್ಟ ಮದ್ದಿನಿಂದಲೇ ಎನ್ನುವುದಕ್ಕೆ ಪುರಾವೆ ಏನು? ಸಮಿತಿಗಳು ಕೇಳಿದವು, ಕೀಟನಾಶಕ ತಯಾರಕರು ಕೇಳಿದರು, ಪರಿಹಾರದ ಅರ್ಜಿ ಹಿಡಿದು ಹೋದಾಗ ಕಚೇರಿಗಳಲ್ಲೂ ಕೇಳಿದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರಿನ ಕೂಲಿ ಕೆಲಸದ ತಾಯಂದಿರು ಇದಕ್ಕೆ ಏನೆಂದು ಉತ್ತರಿಸಬೇಕಿತ್ತು? ಜೀವಕೋಶದೊಳಗೆ ಡಿಎನ್‌ಎ ಹೇಗೆ ಮುರಿಯುತ್ತದೆ, ಕೋಶ ಅದನ್ನು ಹೇಗೆ ಸರಿಪಡಿಸಿಕೊಳ್ಳುತ್ತದೆ ಎಂಬ ಸಂಶೋಧನೆಯ ಚರಿತ್ರೆ ತಿಳಿದರೆ, ಅವರಿಂದ ಕೇಳಿದ ಪುರಾವೆ ಎಂಥದ್ದು ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಊರಿನ ಕಥೆ. ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್‌ಗೆ ಈ ಜಿಲ್ಲೆಯಲ್ಲಿ 4,500 ಹೆಕ್ಟೇರಿಗೂ ಹೆಚ್ಚು ಗೇರು ತೋಟವಿದೆ. ಚಿಗುರು ಮತ್ತು ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಹತೋಟಿಗೆ ತರಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳಿರುವುದು ಗುಡ್ಡದ ಮೇಲೆ, ಮನೆಗಳಿರುವುದು ಕೆಳಗಿನ ಕಣಿವೆಯಲ್ಲಿ. ಈ ಭಾಗದ ಜನ ಕುಡಿಯುವುದು ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳಿಂದ ಒಸರುವ ನೀರನ್ನು, ಇಲ್ಲವೇ ತೋಡಿನ ಮತ್ತು ಬಾವಿಯ ನೀರನ್ನು. ಗುಡ್ಡದ ನೆತ್ತಿಗೆ ಬಿದ್ದದ್ದು ಮಳೆಯೊಡನೆ ಎಲ್ಲಿಗೆ ಇಳಿಯುತ್ತದೆ ಎಂದು ತಿಳಿಯಲು ಇಲ್ಲಿ ನಕ್ಷೆ ಬೇಕಾಗಿಲ್ಲ.

ಕೈಕಾಲು ತಿರುಚಿಕೊಂಡ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ ಬಹಳ ಹಿಂದೆಯೇ ಬರೆದಿದ್ದರು. ಎಣ್ಮಕಜೆಯ ಪಡ್ರೆ ಗ್ರಾಮದ ವಾಣಿನಗರದಲ್ಲಿ ವೈದ್ಯಕೀಯ ವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್, ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಮತ್ತು ಕ್ಯಾನ್ಸರ್ ಯಾಕೆ ಎಂದು ಲೆಕ್ಕ ಹಾಕತೊಡಗಿದರು. ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿ 1998ರಲ್ಲಿ ಸಿಂಪಡಣೆಗೆ ತಡೆಯಾಜ್ಞೆ ತಂದರು. ಪ್ರಯೋಗಾಲಯವಿಲ್ಲದೆ, ಅನುದಾನವಿಲ್ಲದೆ, ಕಣ್ಣೆದುರಿಗೆ ಇದ್ದದ್ದನ್ನು ಕಂಡು ಹೇಳಿದ ಈ ಮೂವರ ಕೆಲಸವನ್ನು ನಾನು ವಿಜ್ಞಾನವೆಂದೇ ಕರೆಯುತ್ತೇನೆ.

2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಗೆ ಬಂತು. 10ರಿಂದ 19 ವರ್ಷದ 117 ಶಾಲಾ ಹುಡುಗರನ್ನು ಪರೀಕ್ಷಿಸಿ, ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿತು. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಅಂಶ ಸರಾಸರಿ ಐದು ಪಟ್ಟಿಗೂ ಹೆಚ್ಚಿತ್ತು, ಅದೂ ಕೊನೆಯ ಸಿಂಪಡಣೆಯಾಗಿ ಸುಮಾರು ಹತ್ತು ತಿಂಗಳ ಬಳಿಕ. ಅವರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. 2003ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಆದರೂ ಡಾ. ದುಬೆ ಮತ್ತು ಡಾ. ಮಾಯಿ ನೇತೃತ್ವದ ಕೇಂದ್ರದ ಸಮಿತಿಗಳು ಕಾಯಿಲೆಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಸಾಬೀತಾಗಿಲ್ಲ ಎಂಬ ನಿಲುವನ್ನೇ ತಳೆದವು. ರಕ್ತದಲ್ಲಿ ವಿಷವಿದೆ ಎಂಬುದು ಗೊತ್ತಾಗಿತ್ತು. ಅದು ಜೀವಕೋಶದೊಳಗೆ ಏನು ಮಾಡುತ್ತದೆ ಎಂಬುದು ಬಾಕಿಯಿತ್ತು.

ಇಲ್ಲಿಗೆ ಇನ್ನೊಂದು ಕಥೆ ಬಂದು ಸೇರುತ್ತದೆ. ಅದರ ಆರಂಭ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ. ಹೊಸ ಆ್ಯಂಟಿಬಯಾಟಿಕ್ ಹುಡುಕುತ್ತಿದ್ದ ಆಲ್ಬರ್ಟ್ ಕೆಲ್ನರ್ ಮಣ್ಣಿನ ಸೂಕ್ಷ್ಮಾಣುಗಳ ಮೇಲೆ ಅತಿನೇರಳೆ ಕಿರಣ ಹಾಯಿಸುತ್ತಿದ್ದರು. ಸಾಯಬೇಕಾದವುಗಳಲ್ಲಿ ಕೆಲವು ಸಾಯುತ್ತಿರಲಿಲ್ಲ, ಮತ್ತು ಎಷ್ಟು ಬದುಕುತ್ತವೆ ಎಂಬುದಕ್ಕೆ ಲೆಕ್ಕವೇ ಸಿಗುತ್ತಿರಲಿಲ್ಲ. ಉಷ್ಣಾಂಶದ ಏರುಪೇರು ಇರಬಹುದೆಂದು ತಿಂಗಳುಗಟ್ಟಲೆ ಅದನ್ನೇ ಬದಲಿಸಿ ನೋಡಿದರು. ಕೊನೆಗೆ ಕಣ್ಣಿಗೆ ಬಿದ್ದದ್ದು ಕಿಟಕಿ. ಮಾದರಿಗಳನ್ನಿಟ್ಟ ಗಾಜಿನ ನೀರಿನ ತೊಟ್ಟಿ ಕಿಟಕಿಯ ಬಳಿ ಇತ್ತು. ಹಗಲಿನ ಬೆಳಕು ಬಿದ್ದವು ಚೇತರಿಸಿಕೊಳ್ಳುತ್ತಿದ್ದವು. 1949ರಲ್ಲಿ ಇದು ಪ್ರಕಟವಾಯಿತು. ಡಿಎನ್‌ಎಯ ಜೋಡಿಸುರುಳಿ ರಚನೆ ತಿಳಿಯುವುದಕ್ಕೂ ನಾಲ್ಕು ವರ್ಷ ಮೊದಲೇ, ಅದಕ್ಕಾದ ಹಾನಿ ದುರಸ್ತಿಯಾಗುತ್ತದೆ ಎಂಬ ಸುಳಿವು ಸಿಕ್ಕಿತ್ತು.

ಈ ಸುಳಿವಿನ ಬೆನ್ನು ಹಿಡಿದವರಲ್ಲಿ ಮುಂದೆ ಟರ್ಕಿಯ ಅಜೀಜ್ ಸಂಕಾರ್ ಕೂಡ ಒಬ್ಬರು. ಬೆಳಕಿನ ನೆರವಿನಿಂದ ಹಾನಿ ಸರಿಪಡಿಸುವ ಕಿಣ್ವದ ಜೀನನ್ನು ಅವರು 1976ರಲ್ಲಿ ಪ್ರತ್ಯೇಕಿಸಿದರು. ಕತ್ತಲಲ್ಲೂ ನಡೆಯುವ ಮತ್ತೊಂದು ದುರಸ್ತಿ ವಿಧಾನ 1964ರಲ್ಲೇ ಪತ್ತೆಯಾಗಿತ್ತು. ಅದರಲ್ಲಿ ಕೋಶ ಹಾಳಾದ ತುಣುಕನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿಕೊಂಡು ಹೊಸತನ್ನು ತುಂಬುತ್ತದೆ. ಬಿಸಿಲು ತಾಗಿದರೆ ಚರ್ಮದ ಕ್ಯಾನ್ಸರ್‌ಗೆ ತುತ್ತಾಗುವ ಕ್ಸೆರೊಡರ್ಮಾ ಪಿಗ್ಮೆಂಟೋಸಮ್ ರೋಗಿಗಳಲ್ಲಿ ಕೆಟ್ಟಿರುವುದು ಈ ವ್ಯವಸ್ಥೆಯೇ ಎಂದು ಜೇಮ್ಸ್ ಕ್ಲೀವರ್ 1968ರಲ್ಲಿ ತೋರಿಸಿದರು. ದುರಸ್ತಿ ನಿಂತರೆ ಮನುಷ್ಯನಿಗೆ ಏನಾಗುತ್ತದೆ ಎಂಬುದಕ್ಕೆ ಸಿಕ್ಕಿದ ಮೊದಲ ಖಚಿತ ಉತ್ತರ ಅದು.

ಎಲ್ಲಕ್ಕಿಂತ ದೊಡ್ಡ ತಿರುವು ಕೊಟ್ಟವರು ಸ್ವೀಡನ್ನಿನ ಟೊಮಾಸ್ ಲಿಂಡಾಲ್. ತಲೆಮಾರುಗಳಿಗೆ ದಾಟಬೇಕಾದ ಡಿಎನ್‌ಎ ಅತ್ಯಂತ ಸ್ಥಿರವಾದ ಅಣುವೇ ಇರಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. ಲಿಂಡಾಲ್ ಅಳೆದು ನೋಡಿದರು. ಕಿರಣ, ವಿಷ ಯಾವುದೂ ಸೋಕದಿದ್ದರೂ, ದೇಹದ ಬಿಸಿ ಮತ್ತು ನೀರಿನಿಂದಲೇ ಒಂದೊಂದು ಕೋಶದ ಡಿಎನ್‌ಎಯಿಂದ ದಿನಕ್ಕೆ ಸುಮಾರು 10,000 ಅಕ್ಷರಗಳು, ಎಂದರೆ ಅದರ ಮಾಹಿತಿಯನ್ನು ಹೊತ್ತ ರಾಸಾಯನಿಕ ಘಟಕಗಳು, ಕಳಚಿಹೋಗುತ್ತವೆ. ಹೀಗಿದ್ದೂ ನಾವು ಬದುಕಿದ್ದೇವೆ ಎಂದರೆ ದುರಸ್ತಿ ಎಡೆಬಿಡದೆ ನಡೆಯುತ್ತಿರಲೇಬೇಕು. ಆ ಕಿಣ್ವಗಳಲ್ಲಿ ಮೊದಲನೆಯದನ್ನು ಅವರು 1974ರಲ್ಲಿ ಪ್ರಕಟಿಸಿದರು. ಲಿಂಡಾಲ್, ಸಂಕಾರ್ ಮತ್ತು ಕೋಶ ಡಿಎನ್‌ಎಯನ್ನು ನಕಲು ಮಾಡುವಾಗ ಆಗುವ ತಪ್ಪುಗಳ ತಿದ್ದುಪಡಿಯನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ ಅವರಿಗೆ 2015ರ ರಸಾಯನಶಾಸ್ತ್ರ ನೊಬೆಲ್ ಬಂತು.

ಪಡ್ರೆಯ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಇನ್ನೊಂದು ಬಗೆಯ ಹಾನಿ. ಬಾವಿಯ ಹಗ್ಗದ ಒಂದು ಎಳೆ ಹರಿದರೆ ಇನ್ನೊಂದರ ಆಧಾರದಲ್ಲಿ ಅದನ್ನು ಹೊಸೆಯಬಹುದು. ಎರಡೂ ಎಳೆ ಒಂದೇ ಕಡೆ ಹರಿದರೆ ತುದಿಗಳು ಬೇರೆಯಾಗುತ್ತವೆ. ಡಿಎನ್‌ಎಯಲ್ಲಿ ಎರಡೂ ಎಳೆ ತುಂಡಾಗುವುದು ಅತ್ಯಂತ ಅಪಾಯಕಾರಿ. ಆಗ ‘ಕು’ ಎಂಬ ಪ್ರೋಟೀನು ಬಂದು ತುದಿಗಳನ್ನು ಹಿಡಿದುಕೊಳ್ಳುತ್ತದೆ, ಬೇರೆ ಕಿಣ್ವಗಳು ಅವುಗಳನ್ನು ಓರಣಗೊಳಿಸುತ್ತವೆ, ಲೈಗೇಸ್-4 ಎಂಬುದು ಬೆಸೆಯುತ್ತದೆ. ಇದು ಸಾಮಾನ್ಯವಾಗಿ ನಡೆಯುವ ಕ್ರಮ. ಇದಲ್ಲದೆ ಒಂದು ಒರಟು ದಾರಿಯಿದೆ. ಅದರಲ್ಲಿ ಎರಡು ತುದಿಗಳಲ್ಲೂ ಒಂದೇ ರೀತಿಯ ಕೆಲವು ಅಕ್ಷರಗಳು ಸಿಗುವವರೆಗೆ ಡಿಎನ್‌ಎಯನ್ನು ಸವೆಸುತ್ತ ಹೋಗಿ, ಅಲ್ಲಿ ಜೋಡಿಸಲಾಗುತ್ತದೆ. ಕೋಶ ಉಳಿಯುತ್ತದೆ, ಮಧ್ಯದ ಅಕ್ಷರಗಳು ಶಾಶ್ವತವಾಗಿ ಹೋಗುತ್ತವೆ. ಇಂಥ ಜೋಡಣೆ ಹೆಚ್ಚಾದಷ್ಟೂ ವರ್ಣತಂತುಗಳು ಅಸ್ಥಿರವಾಗುತ್ತವೆ, ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಸಿ. ರಾಘವನ್ ಅವರ ಪ್ರಯೋಗಾಲಯ ಕೆಲಸ ಮಾಡುತ್ತಿರುವುದು ಈ ತುದಿ ಜೋಡಣೆಯ ಮೇಲೆಯೇ. ಲೈಗೇಸ್-4ನ್ನು ತಡೆದು ಕ್ಯಾನ್ಸರ್ ಕೋಶಗಳನ್ನು ಸಾಯಿಸಬಹುದೇ ಎಂದು ನೋಡಲು ರೂಪಿಸಿದ ಎಸ್‌ಸಿಆರ್7 ಎಂಬ ಅಣುವಿನಿಂದ ಈ ತಂಡ 2012ರಲ್ಲಿ ಹೆಸರು ಮಾಡಿತು. ರಾಘವನ್ ಮತ್ತು ರಾಬಿನ್ ಸೆಬಾಸ್ಟಿಯನ್ ಎಂಡೋಸಲ್ಫಾನನ್ನೂ ಕೈಗೆತ್ತಿಕೊಂಡರು. ಗಂಡು ಇಲಿಗಳಲ್ಲಿ ವೃಷಣ ಕುಗ್ಗಿ ವೀರ್ಯಾಣುಗಳ ಸಂಖ್ಯೆ ಇಳಿಯುವುದನ್ನು 2015ರಲ್ಲಿ ವರದಿ ಮಾಡಿದರು. 2016ರ ಲೇಖನ ಇನ್ನೂ ಆಳಕ್ಕೆ ಇಳಿಯಿತು. ಎಂಡೋಸಲ್ಫಾನ್ ಸೋಕಿದ ಕೋಶಗಳಲ್ಲಿ ಆಮ್ಲಜನಕದ ಉಗ್ರ ಕಣಗಳು ಹೆಚ್ಚುತ್ತವೆ, ಅವು ಡಿಎನ್‌ಎಯನ್ನು ಮುರಿಯುತ್ತವೆ, ಮುರಿದ ತುದಿಗಳು ಅತಿಯಾಗಿ ಸವೆದು ತಪ್ಪಾಗಿ ಜೋಡಣೆಯಾಗುತ್ತವೆ. ಎಂದರೆ ಈ ವಿಷ ಡಿಎನ್‌ಎಯನ್ನು ಒಡೆಯುವುದಷ್ಟೇ ಅಲ್ಲ, ಒಡೆದದ್ದನ್ನು ಸರಿಪಡಿಸುವ ಕೆಲಸವನ್ನೂ ಕೆಡಿಸುತ್ತದೆ.

ಇದರ ಮಿತಿಯನ್ನೂ ಹೇಳಬೇಕು. ಇದು ಪ್ರಯೋಗಾಲಯದ ಕೋಶ ಮತ್ತು ಇಲಿಗಳ ಮೇಲಿನ ಕೆಲಸ. ಎಂಡೋಸಲ್ಫಾನ್ ಡಿಎನ್‌ಎಗೆ ಹಾನಿ ಮಾಡುತ್ತದೆಯೇ ಎಂದು ಬೇರೆ ಬೇರೆ ವಿಧಾನಗಳಲ್ಲಿ ನಡೆದ ಪರೀಕ್ಷೆಗಳ ಫಲಿತಾಂಶಗಳೂ ಒಂದೇ ತೆರನಾಗಿಲ್ಲ. ಕಾಸರಗೋಡಿನ ಎಲ್ಲ ಕಾಯಿಲೆಗಳನ್ನೂ ಡಿಎನ್‌ಎಗೆ ಕಟ್ಟಿಹಾಕುವುದೂ ಸರಿಯಲ್ಲ. ಎಂಡೋಸಲ್ಫಾನ್ ನರಮಂಡಲಕ್ಕೆ ನೇರವಾಗಿ ಪೆಟ್ಟು ಕೊಡುತ್ತದೆ, ಹಾರ್ಮೋನುಗಳ ಕೆಲಸದಲ್ಲೂ ಕೈಯಾಡಿಸುತ್ತದೆ. ಅಪಸ್ಮಾರವಿರುವ ಮಗುವಿನ ಕೋಶಗಳಲ್ಲಿ ಮುರಿದ ಡಿಎನ್‌ಎ ಸಿಗಲೇಬೇಕೆಂದಿಲ್ಲ.

ಆದರೆ ಒಂದು ಸಂಗತಿ ಈ ಸಂಶೋಧನೆಯಿಂದ ನಿಚ್ಚಳವಾಗಿದೆ. ತಪ್ಪಾಗಿ ಬೆಸೆದ ಡಿಎನ್‌ಎಯ ಮೇಲೆ ಅದನ್ನು ಮುರಿದ ವಿಷದ ಹೆಸರು ಬರೆದಿರುವುದಿಲ್ಲ. ಉಗ್ರ ಆಮ್ಲಜನಕದಿಂದ ಆದ ಬಿರುಕು ಹೊಗೆಸೊಪ್ಪಿನಿಂದ ಬಂತೋ ಗೇರು ತೋಟದಿಂದ ಬಂತೋ ಎಂದು ಒಬ್ಬ ರೋಗಿಯನ್ನು ನೋಡಿ ಹೇಳುವ ಪರೀಕ್ಷೆ ಜಗತ್ತಿನ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಅಂಥ ಪುರಾವೆಯನ್ನು ಸ್ವರ್ಗ, ವಾಣಿನಗರ ಎಂಬ ಊರುಗಳ ಬಡವರಿಂದ ಕೇಳಿದ್ದು ಅನ್ಯಾಯ. ಕೇಳಬೇಕಾದದ್ದು ಇಡೀ ಊರಿನ ಲೆಕ್ಕವನ್ನು, ಮತ್ತು ಆ ಲೆಕ್ಕ ಒಪ್ಪಿಸುವ ಹೊಣೆ ಸಿಂಪಡಿಸಿದವರದು ಹಾಗೂ ಅದಕ್ಕೆ ಅನುಮತಿ ಕೊಟ್ಟವರದು.

ನ್ಯಾಯಾಲಯಗಳು ಇದನ್ನು ವಿಜ್ಞಾನಿಗಳಿಗಿಂತ ಮೊದಲೇ ಗ್ರಹಿಸಿದವು ಎನ್ನಬಹುದು. 2011ರ ಏಪ್ರಿಲ್‌ನಲ್ಲಿ ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ನಿಯಂತ್ರಿಸುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ ಮತ್ತು ಮಾರಾಟಕ್ಕೆ ತಡೆ ಹಾಕಿತು. ಗಡಿಯಾಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಕಡೆಯಲ್ಲೂ ಗೇರು ತೋಟಗಳ ಸಿಂಪಡಣೆಯಿಂದ ಇದೇ ಸಂಕಟ ಉಂಟಾಗಿ, ಕರ್ನಾಟಕ ಅದೇ ವರ್ಷದ ಆರಂಭದಲ್ಲಿ ನಿಷೇಧ ಹೇರಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಹೇಳಿತು. ಐದು ವರ್ಷ ಕಳೆದ ಮೇಲೂ, 2022ರಲ್ಲಿ, ಅದೇ ನ್ಯಾಯಾಲಯ ವಿಳಂಬಕ್ಕಾಗಿ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು.

2001ರಲ್ಲಿ ರಕ್ತ ಕೊಟ್ಟ ಹುಡುಗರೆಲ್ಲ ಈಗ ಮೂವತ್ತು ದಾಟಿದ್ದಾರೆ. ರಕ್ತದ ಕೋಶಗಳಲ್ಲಿ ವರ್ಣತಂತುಗಳ ಚೂರುಗಳನ್ನು ಎಣಿಸುವ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆ ದುಬಾರಿಯದ್ದಲ್ಲ. ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಲೀಲಾಕುಮಾರಿ ಅಮ್ಮನವರ ಪೆರಿಯದಲ್ಲೇ. ಒಪ್ಪುವವರ ಒಪ್ಪಿಗೆ ಪಡೆದು, ಅವರ ಹೆಸರು ಗುಟ್ಟಾಗಿಟ್ಟು, ಅವರನ್ನೂ ಅವರ ಮಕ್ಕಳನ್ನೂ ವರ್ಷ ವರ್ಷವೂ ಗಮನಿಸುವ ಅಧ್ಯಯನವೊಂದು ಇಲ್ಲಿಂದಲೇ ನಡೆಯಬೇಕು. ಅದರ ಫಲಿತಾಂಶ ಆ ಮನೆಗಳಿಗೆ ಕನ್ನಡದಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ ತಲುಪಬೇಕು. ಪರಿಹಾರದ ಹಣ ಮಾತ್ರ ಆ ಫಲಿತಾಂಶಕ್ಕಾಗಿ ಕಾಯಬಾರದು.