ಒಂದು & ಇಡೀ ಫೈಲನ್ನೇ ನಿಲ್ಲಿಸಿದಾಗ

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ದಾಲ್ ಮಿಲ್. ದಿನದ ಬಿಲ್‌ಗಳನ್ನು ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಎಕ್ಸ್‌ಎಂಎಲ್ ಫೈಲ್ (ಪ್ರತಿ ಮಾಹಿತಿಯನ್ನೂ ಟ್ಯಾಗ್‌ಗಳ ನಡುವೆ ಬರೆದಿಡುವ ಫೈಲ್) ಮಾಡಿ ಅಕೌಂಟ್ಸ್ ಸಾಫ್ಟ್‌ವೇರ್‌ಗೆ ಹಾಕುತ್ತೇವೆ. ಕೆಲವು ದಿನ ಮಾತ್ರ ಪಾರ್ಸಿಂಗ್ ಎರರ್ (ಫೈಲ್ ಓದಿ ಬಿಡಿಸಲಾಗದ ದೋಷ) ಬಂದು ಒಂದು ಬಿಲ್ಲೂ ಹತ್ತುವುದಿಲ್ಲ. ಯಾಕೆ ಹೀಗೆ?

ಉತ್ತರ: ‘ಕೆಲವು ದಿನ ಮಾತ್ರ’ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಸಾಫ್ಟ್‌ವೇರೇ ಕೆಟ್ಟಿದ್ದರೆ ದಿನಾ ಕೈಕೊಡಬೇಕಿತ್ತು. ಆ ದಿನ ಯಾವ ಪಾರ್ಟಿಗೆ ತೊಗರಿಬೇಳೆ ಹೋಗಿದೆ ನೋಡಿ. ಗಂಜ್ ಮಾರುಕಟ್ಟೆಯಲ್ಲಿ ‘ಅಂಡ್ ಸನ್ಸ್’, ‘ಅಂಡ್ ಕಂಪನಿ’ ಬೋರ್ಡ್‌ಗಳಿಗೇನೂ ಬರ ಇಲ್ಲ. ಬಿಲ್‌ನಲ್ಲಿ ಅದು & ಆಗಿ ಕೂರುತ್ತದೆ. ಎಕ್ಸ್‌ಎಂಎಲ್‌ನಲ್ಲಿ & ಬಂತೆಂದರೆ ಮುಂದೆ ಒಂದು ಕೋಡ್ ಇರಲೇಬೇಕು. ಸಿಗದಿದ್ದರೆ ಫೈಲ್ ಓದುವ ಪಾರ್ಸರ್ ಅಲ್ಲೇ ನಿಲ್ಲುತ್ತದೆ. 1998ರಲ್ಲಿ ಬಂದ ಎಕ್ಸ್‌ಎಂಎಲ್ ನಿಯಮವೇ ಹಾಗಿದೆ. ಲೆಕ್ಕದ ವಿಷಯಕ್ಕೆ ಇದು ಒಳ್ಳೆಯದೇ ಅನ್ನುತ್ತೇನೆ. ಅರ್ಧ ಬಿಲ್ ಹತ್ತಿ ಅರ್ಧ ಉಳಿದರೆ ಜಿಎಸ್‌ಟಿ ಹೊತ್ತಿಗೆ ತಲೆನೋವು ಜಾಸ್ತಿ, ಅಲ್ವಾ?

ಸಾಮಾನ್ಯವಾಗಿ ಎರರ್‌ನಲ್ಲೇ ಸಾಲು, ಕಾಲಂ ನಂಬರ್ ಇರುತ್ತದೆ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಅಲ್ಲಿಗೆ ಹೋಗಿ. ಅದು ತಪ್ಪು ಗೊತ್ತಾದ ಜಾಗ. ತಪ್ಪು ಆಗಿದ್ದು ಸ್ವಲ್ಪ ಮೇಲೆ ಇರಬಹುದು. ಟ್ಯಾಗ್ (< > ಒಳಗಿನ ಗುರುತು) ಮುಚ್ಚದೆ ಬಿಟ್ಟಿದ್ದರಂತೂ ಎಷ್ಟೋ ಸಾಲು ಕೆಳಗೆ ಎರರ್ ಬರುತ್ತದೆ. ಇಂಥ ಸಾಲು ಕಂಡರೆ ಕಳ್ಳ ಸಿಕ್ಕ ಹಾಗೆ:

<ಪಾರ್ಟಿ>ಅಣ್ಣ & ತಮ್ಮ ಟ್ರೇಡರ್ಸ್</ಪಾರ್ಟಿ>

ಹೀಗಿರಬೇಕಿತ್ತು:

<ಪಾರ್ಟಿ>ಅಣ್ಣ &#38; ತಮ್ಮ ಟ್ರೇಡರ್ಸ್</ಪಾರ್ಟಿ>

(ಹೌದು, ಟ್ಯಾಗ್ ಹೆಸರು ಕನ್ನಡದಲ್ಲಿದ್ದರೂ ಎಕ್ಸ್‌ಎಂಎಲ್‌ಗೆ ಅಡ್ಡಿಯಿಲ್ಲ.) ಓದುವ ಸಾಫ್ಟ್‌ವೇರ್ ಆ ಕೋಡನ್ನು ಮತ್ತೆ & ಮಾಡಿಕೊಳ್ಳುತ್ತದೆ, ಹಾಗಾಗಿ ಲೆಡ್ಜರ್ ಹೆಸರು ಕೆಡುವುದಿಲ್ಲ. ಸುಮ್ನೆ & ತೆಗೆದು ‘ಮತ್ತು’ ಅಂತ ತಿದ್ದಿದರೆ ಎರರ್ ಹೋಗುತ್ತದೆ, ಆದರೆ ಲೆಡ್ಜರ್ ಹೊಂದುವುದಿಲ್ಲ. ಇಡೀ ಫೈಲಿಗೆ ರಿಪ್ಲೇಸ್ ಆಲ್ ಹೊಡೆಯಲೂ ಬೇಡಿ. ಮೊದಲೇ ಸರಿಯಿದ್ದ ಕಡೆಯೆಲ್ಲ &#38;#38; ಆಗಿ ಕೂರುತ್ತದೆ.

ಕೈಯಿಂದ ತಿದ್ದುವುದು ಆ ದಿನದ ಮಟ್ಟಿಗೆ ಅಷ್ಟೇ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟವರನ್ನು ಹಿಡಿಯಿರಿ. ಅವರು ಟ್ಯಾಗು, ಹೆಸರು ಎಲ್ಲವನ್ನೂ ಬರೀ ಅಕ್ಷರವಾಗಿ ಜೋಡಿಸಿ ಫೈಲ್ ಬರೆಯುತ್ತಿರಬೇಕು. ಎಕ್ಸ್‌ಎಂಎಲ್ ಬರೆಯಲೆಂದೇ ಇರುವ ರೆಡಿಮೇಡ್ ಲೈಬ್ರರಿಯಿಂದ ಬರೆದರೆ &, < ಎರಡನ್ನೂ ಅದೇ ನೋಡಿಕೊಳ್ಳುತ್ತದೆ.

& ಎಲ್ಲೂ ಸಿಗಲಿಲ್ಲವೇ? ನರೇಶನ್‌ನಲ್ಲಿ (ಬಿಲ್‌ನ ವಿವರಣೆ ಸಾಲಿನಲ್ಲಿ) ಹಳೆ ನುಡಿ ಫಾಂಟ್‌ನ ಕನ್ನಡ ಇದೆಯಾ ನೋಡಿ. ಫೈಲಿನ ಮೊದಲ ಸಾಲು ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ರೀತಿ) ಅಂತ ಹೇಳಿ, ಫೈಲ್ ಮಾತ್ರ ಆನ್ಸಿ (ವಿಂಡೋಸ್‌ನ ಹಳೆಯ ರೀತಿ) ಆಗಿ ಸೇವ್ ಆಗಿದ್ದರೆ ಅಂಥ ಅಕ್ಷರದ ಹತ್ತಿರವೇ ಪಾರ್ಸರ್ ತಡವರಿಸುತ್ತದೆ. ಆ ನರೇಶನ್ ಅನ್ನು ಯುನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿ, ಫೈಲನ್ನು ಯುಟಿಎಫ್-8 ಆಗಿ ಸೇವ್ ಮಾಡಿ ಹಾಕಿ ನೋಡಿ.