ಸೂರ್ಯ ಉತ್ತರಕ್ಕೆ ಹೊರಳೋದು ಸಂಕ್ರಾಂತಿಗೋ, ಡಿಸೆಂಬರ್‌ಗೋ?

ಪ್ರಶ್ನೆ: ಸಂಕ್ರಮಣದಿಂದ ಉತ್ತರಾಯಣ ಶುರು ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಮಗಳ ಶಾಲೆ ಪುಸ್ತಕದಲ್ಲಿ ಡಿಸೆಂಬರ್ 22 ಅಂತಿದೆ. ಯಾವುದು ಖರೆ? (ಗದಗಿನ ಓದುಗರು)

ಪುಸ್ತಕ ಹೇಳಿದ್ದು ಖರೆ. ಸೂರ್ಯ ಹೊರಳೋದು ಡಿಸೆಂಬರ್ 21 ಅಥವಾ 22ಕ್ಕೆ. ಹಾಗಂತ ಪಂಚಾಂಗದವರು ಸಂಕ್ರಮಣದ ಲೆಕ್ಕ ತಪ್ಪಿದ್ದಾರೆ ಅಂತಲ್ಲ, ಅವರು ಲೆಕ್ಕ ಹಾಕುತ್ತಿರೋದೇ ಬೇರೆ.

ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಅದಕ್ಕೇ ಸೂರ್ಯ ಹುಟ್ಟುವ ಜಾಗ ವರ್ಷವಿಡೀ ಅತ್ತಿತ್ತ ಸರಿಯುತ್ತಿರುತ್ತದೆ. ನಿಮ್ಮ ಗದಗಿನಲ್ಲಿ ಡಿಸೆಂಬರ್ 21ರ ಹೊತ್ತಿಗೆ ನೆಟ್ಟಗೆ ಪೂರ್ವಕ್ಕಲ್ಲ, ಅಲ್ಲಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಹುಟ್ಟುತ್ತಾನೆ. ಅದಕ್ಕಿಂತ ಆಚೆ ಹೋಗುವುದಿಲ್ಲ, ಅಲ್ಲಿಂದ ವಾಪಸ್. ಸಂಕ್ರಮಣ ಅಂದರೆ ಸೂರ್ಯ ಮಕರ ರಾಶಿಗೆ ಕಾಲಿಡುವ ಗಳಿಗೆ, ಮತ್ತು ನಮ್ಮ ಪಂಚಾಂಗದ ರಾಶಿಗಳ ಎಣಿಕೆ ನಕ್ಷತ್ರಗಳನ್ನು ಹಿಡಿದು ಮಾಡಿದ್ದು.

ಸುಮಾರು 1700 ವರ್ಷದ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು. ಹಿರಿಯರ ಮಾತು ಹುಟ್ಟಿದ್ದು ಸುಮ್ನೆ ಅಲ್ಲ ನೋಡಿ. ಆಮೇಲೆ ಎರಡೂ ದೂರ ಸರಿಯುತ್ತಾ ಬಂದವು, ಯಾಕಂದರೆ ಭೂಮಿಯ ಅಕ್ಷ ಸುಸ್ತಾದ ಬುಗುರಿ ತೂಗಾಡಿದ ಹಾಗೆ ನಿಧಾನಕ್ಕೆ ತಿರುಗುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ನಡುವೆ ಉಬ್ಬಿರುವ ಭೂಮಿಯನ್ನು ಚಂದ್ರ ಮತ್ತು ಸೂರ್ಯ ಜಗ್ಗುವುದರಿಂದ ಹೀಗಾಗುತ್ತದೆ. ಇದರಿಂದ ಋತುಗಳ ವರ್ಷ (ಸೂರ್ಯ ಉತ್ತರಕ್ಕೆ ಹೊರಳಿ ಮತ್ತೆ ಉತ್ತರಕ್ಕೆ ಹೊರಳುವವರೆಗೆ) ನಕ್ಷತ್ರಗಳ ವರ್ಷಕ್ಕಿಂತ (ಒಂದು ಮಕರ ಸಂಕ್ರಮಣದಿಂದ ಮುಂದಿನದರವರೆಗೆ) ಸುಮಾರು 20 ನಿಮಿಷ ಚಿಕ್ಕದು. 20 ನಿಮಿಷ ಏನು ಮಹಾ ಅನ್ನಬಹುದು, ಆದರೆ ಸುಮಾರು 72 ವರ್ಷಕ್ಕೆ ಒಂದು ಪೂರ್ತಿ ದಿನ ಸರಿದು ಹೋಗುತ್ತದೆ.

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ ನಿಮಗೆ ಹತ್ತಿರವೇ ಅಲ್ವಾ? ಅಲ್ಲಿ ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನದೊಂದು ಚಿಕ್ಕ ಗುಡಿ ಇದೆ, ಅದರ ಮುಖ ಪಶ್ಚಿಮಕ್ಕೆ. ಸೂರ್ಯನ ಗುಡಿಗೆ ಪಶ್ಚಿಮದ ಬಾಗಿಲು ಅಪರೂಪ, ಹೋದಾಗ ನಿಂತು ನೋಡಿ. 11ನೇ ಶತಮಾನದಲ್ಲಿ ಚಾಲುಕ್ಯರ ಶಿಲ್ಪಿಗಳು ಅಲ್ಲಿ ಕಲ್ಲು ಕೆತ್ತುತ್ತಿದ್ದಾಗಲೇ ಉತ್ತರಾಯಣಕ್ಕೂ ಸಂಕ್ರಮಣಕ್ಕೂ ಹತ್ತು-ಹನ್ನೊಂದು ದಿನದ ಅಂತರ ಬಿದ್ದಿತ್ತು. ಈಗ ಅದು 24 ದಿನದ ಹತ್ತಿರ.

ಇನ್ನೂ ಈಚಿನ ಪುರಾವೆ ಬೇಕಾ? ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ, ತಾರೀಖು 1863ರ ಜನವರಿ 12. ಈಗ ಹಬ್ಬ 14ಕ್ಕೋ 15ಕ್ಕೋ ಬರುತ್ತದೆ. ಸಂಕ್ರಮಣದ ಗಳಿಗೆ ಪ್ರತಿ ವರ್ಷ ಆರು ತಾಸಿನಷ್ಟು ಮುಂದೆ ಹೋಗುತ್ತದೆ, ಅಧಿಕ ವರ್ಷ ಬಂದಾಗ ಮತ್ತೆ ಹಿಂದೆ ಬರುತ್ತದೆ. 14-15ರ ಗೊಂದಲ ಅಲ್ಲಿಂದ ಬಂದದ್ದು. ಹಬ್ಬ ಫೆಬ್ರವರಿಗೆ ಹೋಗಲು ಇನ್ನೂ 1200 ವರ್ಷ ಬೇಕು, ಸದ್ಯಕ್ಕೆ ಚಿಂತೆ ಇಲ್ಲ.

ಹಾಗಾದರೆ ಹಬ್ಬವನ್ನೇ ಡಿಸೆಂಬರ್‌ಗೆ ತರಬೇಕು ಅನ್ನುವವರೂ ಇದ್ದಾರೆ. ನನಗೆ ಒಪ್ಪಿಗೆ ಇಲ್ಲ. ನಮ್ಮ ಕಡೆ ಸಂಕ್ರಮಣ ಅಂದರೆ ಸುಗ್ಗಿ. ಹೊಳೆಯಲ್ಲಿ ಮಿಂದು, ದಂಡೆಯಲ್ಲೇ ಬುತ್ತಿ ಬಿಚ್ಚಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಹಂಚಿಕೊಂಡು ಉಣ್ಣುವ ಹಬ್ಬ ಅದು. ಖಗೋಳದ ಲೆಕ್ಕ ತೋರಿಸಿ ಅದನ್ನು ಎಳೆದಾಡುವುದು ಯಾಕೆ? ಮಕ್ಕಳು ಕೇಳಿದಾಗ ಮಾತ್ರ ಡಿಸೆಂಬರ್ ಅಂತಲೇ ಹೇಳಿ.

ಒಂದು ಅನುಮಾನ ನೀವೇ ಕೇಳಬಹುದು: ಡಿಸೆಂಬರ್‌ನಲ್ಲೇ ಹೊರಳಿದರೆ ಜನವರಿಯಲ್ಲಿ ಬೆಳಗಾಗೋದು ಇನ್ನೂ ತಡ ಯಾಕೆ? ಹಗಲು ದೊಡ್ಡದಾಗುತ್ತಲೇ ಇರುತ್ತದೆ, ಆದರೆ ಆ ಹೆಚ್ಚುವರಿ ಹೊತ್ತು ಮೊದಲು ಸಂಜೆಗೆ ಸೇರುತ್ತದೆ. ಭೂಮಿಯ ವಾಲಿಕೆ ಮತ್ತು ಅದರ ದಾರಿ ಪೂರ್ತಿ ದುಂಡಗಿಲ್ಲದಿರುವುದು, ಎರಡೂ ಕೂಡಿ ನಡು ಮಧ್ಯಾಹ್ನವನ್ನೇ ಮುಂದೆ ತಳ್ಳುತ್ತವೆ. ಹಾಗಾಗಿ ನಮ್ಮಲ್ಲಿ ಸೂರ್ಯ ಎಲ್ಲಕ್ಕಿಂತ ತಡವಾಗಿ ಹುಟ್ಟುವುದು ಜನವರಿ 20ರ ಆಸುಪಾಸಿನಲ್ಲಿ.

ಮಗಳಿಗೆ ತೋರಿಸಬೇಕಂದರೆ ಮಾಳಿಗೆ ಮೇಲೆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ಡಿಸೆಂಬರ್ 21ರಂದು ಅದರ ಅತಿ ಗಿಡ್ಡ ನೆರಳು ಸುಮಾರು 80 ಸೆಂಟಿಮೀಟರ್ ಇರುತ್ತದೆ. ಸಂಕ್ರಮಣದ ದಿನ ಅಳೆದರೆ 75ಕ್ಕೆ ಇಳಿದಿರುತ್ತದೆ. ಗಡಿಯಾರದ 12ಕ್ಕೆ ಅಳೆಯಬೇಡಿ. ನಮ್ಮಲ್ಲಿ ಸೂರ್ಯ ನೆತ್ತಿಯ ಕಡೆಗೆ ಬರುವುದೇ ಡಿಸೆಂಬರ್‌ನಲ್ಲಿ ಹನ್ನೆರಡೂವರೆ ಸುಮಾರಿಗೆ, ಜನವರಿಯಲ್ಲಿ ಇನ್ನೂ ಹತ್ತು ನಿಮಿಷ ತಡ.